ಬೋದಿಗೆ ನೋಡಿ, ಆಮೇಲೆ ಟಾರು ಹಾಕಿ

ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೇಲಿರೋ ವೆಲ್ಲೆಸ್ಲಿ ಸೇತುವೆ 1804ರದ್ದು. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, ಹೆಸರು ಮಾತ್ರ ಗವರ್ನರ್ ಜನರಲ್‌ದು. ಆ ಹೆಸರು ಕೇಳಿ ಇದನ್ನ ಬ್ರಿಟಿಷರ ವಿದ್ಯೆ ಅನ್ನೋರನ್ನ ಒಂದ್ಸಲ ಹೊಳೆಗೆ ಇಳಿಸಿ ತೋರಿಸಬೇಕು. ಕಂಬ, ಕಂಬದ ತಲೆ ಮೇಲೆ ಬೋದಿಗೆ, ಅಂದ್ರೆ ಎರಡೂ ಕಡೆ ಚಾಚಿದ ಅಡ್ಡಗಲ್ಲು, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪನೇ ನೀರಿಗಿಳಿದ ಹಾಗಿದೆ!

ಬೋದಿಗೆ ಅಂದ್ರೆ ಅಲಂಕಾರ ಅಂದ್ಕೋಬೇಡಿ. ಗ್ರಾನೈಟ್ ಎಷ್ಟು ಅದುಮಿದ್ರೂ ತಡೆಯುತ್ತೆ, ಬಗ್ಗಿಸಿದ್ರೆ ಮುರಿಯುತ್ತೆ. ಲೆಕ್ಕಕ್ಕೆ, 3 ಮೀಟರ್ ಉದ್ದ, ಒಂದೂವರೆ ಅಡಿ ಚೌಕದ ತೊಲೆ ತಗೊಳ್ಳಿ. ಅದೊಂದೇ ಒಂದೂವರೆ ಟನ್‌ಗೂ ಮೇಲೆ ತೂಗುತ್ತೆ. ಎರಡೂ ಕಡೆ ಬೋದಿಗೆ ಒಂದೊಂದು ಅಡಿ ಚಾಚಿದ್ರೆ ಬಿಡುವು, ಅಂದ್ರೆ ತೊಲೆಗೆ ಕೆಳಗೆ ಆಸರೆ ಇಲ್ಲದ ಉದ್ದ, 2.4 ಮೀಟರ್‌ಗೆ ಇಳಿಯುತ್ತೆ. ತೊಲೆ ತನ್ನ ಭಾರಕ್ಕೇ ಬಾಗೋ ಒತ್ತಡ ಬಿಡುವಿನ ವರ್ಗದಂತೆ (ಬಿಡುವನ್ನ ಬಿಡುವಿನಿಂದಲೇ ಗುಣಿಸಿದ ಲೆಕ್ಕದಲ್ಲಿ) ಏರಿಳಿಯೋದ್ರಿಂದ, ಆ ಒತ್ತಡದಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ಕಮ್ಮಿ ಆಯ್ತು. ಎರಡಡಿ ಕಲ್ಲಿಗೆ ಇಷ್ಟು ಲಾಭ.

ಇದಕ್ಕೆ ತೆರೋ ಬೆಲೆನೂ ಇದೆ. ಬಿಡುವು ಚಿಕ್ಕದಿರಬೇಕಾದ್ರೆ ಕಂಬಗಳು ಒತ್ತೊತ್ತಾಗಿ ನಿಲ್ಲಬೇಕು. ನೆರೆಯಲ್ಲಿ ಬುಡಸಮೇತ ಬಂದ ಮರ ಎರಡು ಕಂಬಕ್ಕೆ ಅಡ್ಡ ಸಿಕ್ಕಿಕೊಳ್ಳುತ್ತೆ, ಅದಕ್ಕೆ ಬಿದಿರು, ಜೊಂಡು ಸೇರಿ ಗೋಡೆ ಆಗುತ್ತೆ. ಆಗ ನೀರು ಕಂಬದ ಬುಡ ಕೊರೆಯುತ್ತೆ, ಮೇಲೆ ತೊಲೆಗಳನ್ನ ಪಕ್ಕಕ್ಕೆ ತಳ್ಳುತ್ತೆ. ಹಾಸುಬಂಡೆಗೆ ಕುಳಿ ತೋಡಿ ನಿಲ್ಲಿಸಿದ ಕಂಬ ಉಳಿಯಬಹುದು, ತೊಲೆ ಉಳಿಯಲ್ಲ. ಹಂಪಿಯ ತುಂಗಭದ್ರೆಯಲ್ಲಿ ಹಳೇ ಸೇತುವೆಯ ಕಂಬಗಳಷ್ಟೇ ಸಾಲಾಗಿ ನಿಂತಿವೆ, ನೋಡಿದೀರಲ್ಲ? ಶಿವನಸಮುದ್ರದ ಹಳೇ ಕಲ್ಲುಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಹೋಯ್ತು.

ನೆರೆ ನಮ್ಮ ಕೈಲಿಲ್ಲ, ಒಪ್ಪೋಣ. ಆದ್ರೆ ಹಳ್ಳಿ ಕಡೆಯ ಇಂಥ ಸೇತುವೆಗಳಿಗೆ ದುರಸ್ತಿ ಅಂತ ಮಾಡೋದೇನು? ಹಳೇ ಟಾರು ಕೆರೆಯದೆ ಮೇಲೆ ಹೊಸ ಟಾರು. ನಾಲ್ಕು ಇಂಚು ಕೂತ್ರೆ ಚದರ ಮೀಟರ್‌ಗೆ 230 ಕಿಲೋ ಹತ್ರ ಹೊರೆ! ಜೊತೆಗೆ ಸಂದಿಗೆಲ್ಲ ಸಿಮೆಂಟ್ ಮೆತ್ತಿ ನೀರು ಬಸಿಯೋ ದಾರಿನೂ ಮುಚ್ಚಿಬಿಡ್ತಾರೆ. ಅರಳಿ ಗಿಡ ಕಂಡ್ರೆ ಮೇಲೆ ಮೇಲೆ ಕತ್ತರಿಸ್ತಾರೆ, ಬೇರು ಒಳಗೇ ದಪ್ಪ ಆಗ್ತಾ ಹೋಗುತ್ತೆ.

ಕಲ್ಲುತೊಲೆ ಕಬ್ಬಿಣದ ಥರ ಬಾಗಿ ಸುಳಿವು ಕೊಡಲ್ಲ. ಸೀಳು ಶುರುವಾಗೋದು ತಳದಲ್ಲಿ, ನಡುಮಧ್ಯೆ. ಬೇಸಿಗೆಯಲ್ಲಿ ನೀರಿಳಿದಾಗ ಅಡಿಗೆ ಹೋಗಿ ಅಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಇದೆಯಾ ನೋಡಿ. ಸುತ್ತಿಗೆಯಲ್ಲಿ ಬಡಿದ್ರೆ ಗಟ್ಟಿ ಕಲ್ಲು ಟಣ್ ಅನ್ನುತ್ತೆ. ಬದ್ ಅಂತ ಮಂಕಾಗಿ ಕೇಳಿದ್ರೆ ಆ ತೊಲೆಗೆ ಕೆಳಗಿಂದ ಆನಿಕೆ (ಆಸರೆ) ಕೊಡೋ ತನಕ ಮರಳು ಲಾರಿ ಬಿಡಬೇಡಿ.