ಡೇವಿಸ್ ಕಾಲೇಜಿನ 16 ಸೀಟು

ಕೇಳುಗರೇ, ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಡೇವಿಸ್ ಅಂತ ಒಂದು ಊರಿದೆ. ಅಲ್ಲಿನ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಶುರುವಾಗಿದ್ದು 1968ರಲ್ಲಿ. ಮೊದಲ ವರ್ಷ 50 ಸೀಟು. ಆ 50 ಮಂದಿಯಲ್ಲಿ ಮೂವರು ಏಷ್ಯಾ ಮೂಲದವರು. ಕಪ್ಪು ಜನಾಂಗದವರು ಒಬ್ಬರೂ ಇರಲಿಲ್ಲ. ಮೆಕ್ಸಿಕೊ ಮೂಲದವರು ಇರಲಿಲ್ಲ. ಆ ನೆಲದ ಮೂಲನಿವಾಸಿಗಳೂ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷ ಅದು.

ಕಾಲೇಜಿನ ಅಧ್ಯಾಪಕರಿಗೆ ಇದು ಸರಿ ಕಾಣಲಿಲ್ಲ. ಹಿಂದುಳಿದ ಹಿನ್ನೆಲೆಯಿಂದ ಬಂದವರ ಅರ್ಜಿ ನೋಡಲು ಒಂದು ಪ್ರತ್ಯೇಕ ಸಮಿತಿ ಮಾಡಿದರು. ಮುಂದೆ ಒಟ್ಟು ಸೀಟು 100 ಆದಾಗ ಈ ಸಮಿತಿಯ ಪಾಲಿಗೆ 16 ಸೀಟು ಬಂತು. ಈ 16 ಸೀಟಿನ ಮೇಲೆ ನಡೆದ ಜಗಳ ಇವತ್ತಿಗೂ ಮುಗಿದಿಲ್ಲ.

1973ರಲ್ಲಿ ಅಲನ್ ಬಕ್ಕಿ ಎಂಬ ಬಿಳಿಯ ಈ ಕಾಲೇಜಿಗೆ ಅರ್ಜಿ ಹಾಕಿದರು. ವಯಸ್ಸು 33. ಎಂಜಿನಿಯರ್. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ನಾಸಾದಲ್ಲಿ ಕೆಲಸ. ಡಾಕ್ಟರ್ ಆಗಬೇಕೆಂಬ ಆಸೆ ತಡವಾಗಿ ಹುಟ್ಟಿತ್ತು, ಆದರೆ ಗಟ್ಟಿಯಾಗಿತ್ತು. ಪ್ರವೇಶ ಪರೀಕ್ಷೆಯ ವಿಜ್ಞಾನ ಭಾಗದಲ್ಲಿ ಅವರು ಪರೀಕ್ಷೆ ಬರೆದ 97% ಮಂದಿಗಿಂತ ಮುಂದಿದ್ದರು. ಆ ವರ್ಷ ಪ್ರತ್ಯೇಕ ಸಮಿತಿಯ ಮೂಲಕ ಸೀಟು ಪಡೆದವರು ಅದೇ ಭಾಗದಲ್ಲಿ ಸರಾಸರಿ 35% ಮಂದಿಗಿಂತ ಮುಂದಿದ್ದರು. ಬಕ್ಕಿಗೆ ಸೀಟು ಸಿಗಲಿಲ್ಲ. 1974ರಲ್ಲಿ ಮತ್ತೆ ಹಾಕಿದರು. ಮತ್ತೆ ಇಲ್ಲ. ಕೋರ್ಟಿಗೆ ಹೋದರು.

ಅವರ ನೋವು ಸುಳ್ಳಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ಓದಿದವನಿಗೆ "ನಿನಗಿಲ್ಲ" ಅಂದರೆ ಹೊಟ್ಟೆ ಉರಿಯುತ್ತದೆ. ಬಡ ಬಿಳಿಯರೂ ಆ ಪ್ರತ್ಯೇಕ ಸಮಿತಿಗೆ ಅರ್ಜಿ ಹಾಕುತ್ತಿದ್ದರು, ಒಬ್ಬರಿಗೂ ಅಲ್ಲಿಂದ ಸೀಟು ಸಿಕ್ಕಿರಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡುವುದು ನ್ಯಾಯವಲ್ಲ. ಆದರೆ ಅದೇ ಕೋರ್ಟಿನ ಕಡತದಲ್ಲಿ ಇನ್ನೊಂದು ಲೆಕ್ಕವೂ ಇದೆ. 1971ರಿಂದ 1974ರವರೆಗೆ, ನಾಲ್ಕು ವರ್ಷದಲ್ಲಿ, ಸಾಮಾನ್ಯ ದಾರಿಯಲ್ಲಿ ಆ ಕಾಲೇಜಿಗೆ ಸೇರಿದ ಕಪ್ಪು ಜನಾಂಗದ ವಿದ್ಯಾರ್ಥಿಗಳು ಎಷ್ಟು ಗೊತ್ತೇ? ಒಬ್ಬರು. ಪ್ರತ್ಯೇಕ ಸಮಿತಿಯಿಂದ ಬಂದವರು 21. ಆ ಸಮಿತಿ ಇಲ್ಲದಿದ್ದರೆ ನಾಲ್ಕು ವರ್ಷಕ್ಕೆ ಒಬ್ಬರೇ ಒಬ್ಬರು, ಅಷ್ಟೇ.

1978ರ ಜೂನ್ 28ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ನಡುವೆ ಲೂಯಿಸ್ ಪವೆಲ್. ಅವರು ಹೇಳಿದ್ದಿಷ್ಟು: 16 ಸೀಟನ್ನು ಹೀಗೆ ತೆಗೆದಿಡುವಂತಿಲ್ಲ, ಬಕ್ಕಿಗೆ ಸೀಟು ಕೊಡಿ. ಆದರೆ ಹಲವು ವಿಷಯ ತೂಗಿ ನೋಡುವಾಗ ಜನಾಂಗವನ್ನೂ ಒಂದು ವಿಷಯವಾಗಿ ನೋಡಬಹುದು. ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಒಪ್ಪಲಿಲ್ಲ. ಇನ್ನೂರು ವರ್ಷ ಕಪ್ಪು ಜನರ ಮೇಲಿನ ಭೇದವನ್ನು ಈ ಸಂವಿಧಾನ ತಡೆಯಲಿಲ್ಲ, ಈಗ ಆ ಭೇದದ ಪರಿಣಾಮ ಸರಿಪಡಿಸಲು ಹೊರಟರೆ ಅದೇ ಸಂವಿಧಾನ ಅಡ್ಡ ನಿಲ್ಲಬೇಕೇ ಎಂದು ಕೇಳಿದರು. ಅವರ ಪ್ರಶ್ನೆಗೆ ಸರಿಯಾದ ಉತ್ತರವನ್ನು ನಾನಂತೂ ಇದುವರೆಗೆ ಕೇಳಿಲ್ಲ.

ಬಕ್ಕಿ ಕಾಲೇಜು ಸೇರಿದರು. 1982ರಲ್ಲಿ ಡಾಕ್ಟರ್ ಆದರು. ಅರಿವಳಿಕೆ ತಜ್ಞರಾಗಿ ಮಿನ್ನೆಸೋಟದಲ್ಲಿ ಕೆಲಸ ಮಾಡಿದರು.

ಈಗ ಆ ಮೊದಲ ತರಗತಿಗೆ ವಾಪಸ್ ಬರೋಣ. 50ರಲ್ಲಿ ಕಪ್ಪು ಜನಾಂಗದವರು ಒಬ್ಬರೂ ಯಾಕೆ ಇರಲಿಲ್ಲ? ಓದಲು ಬರಲಿಲ್ಲ ಅಂತಲೇ? ಸುಮ್ನೆ ಹಾಗಾಯಿತೇ? ಇಲ್ಲ. ಅದಕ್ಕೆ ಚರಿತ್ರೆ ಇದೆ.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಕಾರ್ನೆಗಿ ಫೌಂಡೇಶನ್ ಪರವಾಗಿ ಒಂದು ವರದಿ ಬರೆದರು. ಅವರು ಡಾಕ್ಟರ್ ಅಲ್ಲ, ಶಾಲೆ ನಡೆಸಿದವರು. ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಕಾಲೇಜುಗಳ ಬಗ್ಗೆ ಬರೆದರು. ಆ ಕಾಲದಲ್ಲಿ ಎಷ್ಟೋ ಕಾಲೇಜುಗಳಲ್ಲಿ ಪ್ರಯೋಗಾಲಯ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ, ಫೀಸು ಕಟ್ಟಿದರೆ ಸಾಕಿತ್ತು. ಅಂಥವು ಮುಚ್ಚಿದ್ದು ಒಳ್ಳೆಯದೇ. ಇವತ್ತಿನ ವೈದ್ಯ ಶಿಕ್ಷಣದ ಶಿಸ್ತು ಬಂದದ್ದು ಈ ವರದಿಯಿಂದ. ಆದರೆ ಆಗ ಕಪ್ಪು ಜನರಿಗಾಗಿ ಇದ್ದ ಕಾಲೇಜು ಏಳೇ ಏಳು. ಅದರಲ್ಲಿ ಎರಡನ್ನು ಮಾತ್ರ ಉಳಿಸಿ ಎಂದರು ಫ್ಲೆಕ್ಸ್‌ನರ್. ವಾಷಿಂಗ್ಟನ್ನಿನ ಹೊವರ್ಡ್, ನ್ಯಾಶ್ವಿಲ್ಲಿನ ಮೆಹಾರಿ. ಮಿಕ್ಕ ಐದು 1923ರ ಹೊತ್ತಿಗೆ ಮುಚ್ಚಿಹೋದವು. ಬಿಳಿಯರ ಕಾಲೇಜು ಮುಚ್ಚಿದರೆ ಬಿಳಿಯ ಹುಡುಗ ಬೇರೆ ಕಾಲೇಜಿಗೆ ಹೋಗಬಹುದಿತ್ತು. ಕಪ್ಪು ಹುಡುಗ ಎಲ್ಲಿಗೆ ಹೋಗಬೇಕು? ದಕ್ಷಿಣದ ರಾಜ್ಯಗಳ ಕಾಲೇಜುಗಳು ಅವನನ್ನು ಗೇಟಿನೊಳಗೇ ಬಿಡುತ್ತಿರಲಿಲ್ಲ.

ಫ್ಲೆಕ್ಸ್‌ನರ್ ಇನ್ನೊಂದು ಮಾತು ಬರೆದಿದ್ದರು. ಕಪ್ಪು ಡಾಕ್ಟರಿಗೆ ಶಸ್ತ್ರಚಿಕಿತ್ಸೆಗಿಂತ ಸ್ವಚ್ಛತೆಯ ಪಾಠ ಕಲಿಸುವುದು ಮುಖ್ಯ, ಯಾಕೆಂದರೆ ಅವರ ಕೇರಿಯ ರೋಗ ಬಿಳಿಯರಿಗೂ ಅಂಟುತ್ತದೆ ಎಂಬ ಅರ್ಥದ ಮಾತು. ಓದಿದರೆ ಮೈ ಉರಿಯುತ್ತದೆ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಆ ಐದು ಕಾಲೇಜು ಮುಚ್ಚದೆ ನಡೆದುಕೊಂಡು ಬಂದಿದ್ದರೆ ಇಷ್ಟು ಹೊತ್ತಿಗೆ 35,000ಕ್ಕೂ ಹೆಚ್ಚು ಡಾಕ್ಟರುಗಳು ಅಲ್ಲಿಂದ ಹೊರಬರುತ್ತಿದ್ದರು. ಅಂದಾಜೇ ಇರಲಿ. ಆ ಡಾಕ್ಟರುಗಳ ಮಕ್ಕಳು, ಅವರನ್ನು ನೋಡಿ ತಾವೂ ಓದಬೇಕು ಅಂದುಕೊಳ್ಳುತ್ತಿದ್ದ ಪಕ್ಕದ ಮನೆಯ ಮಕ್ಕಳು, ಇವರನ್ನು ಯಾರು ಎಣಿಸಿಯಾರು?

ಓದಿ ಬಂದವರಿಗೂ ದಾರಿ ಸುಲಭವಿರಲಿಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ದಕ್ಷಿಣದ ಸ್ಥಳೀಯ ಸಂಘಗಳು ಕಪ್ಪು ಡಾಕ್ಟರುಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸದಸ್ಯತ್ವ ಇಲ್ಲದಿದ್ದರೆ ಎಷ್ಟೋ ಆಸ್ಪತ್ರೆಗಳಲ್ಲಿ ತಮ್ಮ ರೋಗಿಯನ್ನೇ ದಾಖಲು ಮಾಡುವಂತಿರಲಿಲ್ಲ. ಅವರು 1895ರಲ್ಲೇ ತಮ್ಮದೇ ಬೇರೆ ಸಂಘ ಕಟ್ಟಿಕೊಂಡಿದ್ದರು. ದೊಡ್ಡ ಸಂಘ ಕ್ಷಮೆ ಕೇಳಿದ್ದು 2008ರಲ್ಲಿ.

ಇನ್ನು ರೋಗಿಯ ಕಡೆಯಿಂದ ನೋಡೋಣ. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಅವನನ್ನೇ. ಸೀಟು ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಅಂತ ಎಲ್ಲರೂ ಕೇಳುತ್ತಾರೆ. ಮೆಡಿಕಲ್ ಸೀಟು ಜಾಣರಿಗೆ ಕೊಡುವ ಬಹುಮಾನ ಅಲ್ಲವಲ್ಲ. ಸಮಾಜ ಅಷ್ಟು ಹಣ ಸುರಿದು ಡಾಕ್ಟರನ್ನು ತಯಾರು ಮಾಡುವುದು ಕಾಯಿಲೆ ಬಿದ್ದವರಿಗಾಗಿ.

ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಒಂದು ಅಧ್ಯಯನ ನಡೆಸಿತು. ಸಿಫಿಲಿಸ್ ಇದ್ದ 399 ಕಪ್ಪು ಗಂಡಸರು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತರು. ಬಕ್ಕಿ ಅರ್ಜಿ ಹಾಕುವ ಹಿಂದಿನ ವರ್ಷವಷ್ಟೇ ಇದು ಪತ್ರಿಕೆಯಲ್ಲಿ ಬಯಲಾಗಿತ್ತು. ಇಂಥದ್ದನ್ನು ಕೇಳಿದ ಸಮುದಾಯ ಬಿಳಿ ಕೋಟನ್ನು ನಂಬಬೇಕಾದರೆ ಕಷ್ಟ, ಅಲ್ವಾ?

ಆ ನಂಬಿಕೆಯ ವಿಷಯವನ್ನು ಅಳೆದು ನೋಡಿದ ಒಂದು ಅಧ್ಯಯನ ಇದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ ನಡೆದದ್ದು, 2018ರಲ್ಲಿ ಹೊರಬಂತು. ಕ್ಷೌರದ ಅಂಗಡಿಗಳಲ್ಲಿ, ಸಂತೆಗಳಲ್ಲಿ ಮಾತಾಡಿಸಿ ಸುಮಾರು 1,300 ಕಪ್ಪು ಗಂಡಸರನ್ನು ತಪಾಸಣೆಗೆ ಕರೆದರು. ಚೀಟಿ ಎತ್ತಿದ ಹಾಗೆ, ಕೆಲವರಿಗೆ ಕಪ್ಪು ಡಾಕ್ಟರ್ ಸಿಕ್ಕರು, ಕೆಲವರಿಗೆ ಬೇರೆಯವರು. ಭೇಟಿಗೆ ಮೊದಲು ಯಾವ ಯಾವ ಪರೀಕ್ಷೆ ಬೇಕು ಅಂತ ಕೇಳಿದಾಗ ಎರಡೂ ಗುಂಪಿನ ಉತ್ತರ ಹೆಚ್ಚೂಕಡಿಮೆ ಒಂದೇ. ಡಾಕ್ಟರ ಜೊತೆ ಮಾತಾಡಿದ ಮೇಲೆ ವ್ಯತ್ಯಾಸ ಬಂತು. ಕಪ್ಪು ಡಾಕ್ಟರನ್ನು ಕಂಡವರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಬೆರಳು ಚುಚ್ಚಿಸಿಕೊಳ್ಳಲು ಜಾಸ್ತಿ ಒಪ್ಪಿದರು. ತಮ್ಮ ಬೇರೆ ತೊಂದರೆಗಳನ್ನೂ ಹೇಳಿಕೊಂಡರು. ಹೃದಯದ ಕಾಯಿಲೆಯಿಂದ ಸಾಯುವುದರಲ್ಲಿ ಕಪ್ಪು ಮತ್ತು ಬಿಳಿ ಗಂಡಸರ ನಡುವೆ ಇರುವ ಅಂತರ ಇದರಿಂದ 19% ಇಳಿಯಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದರು.

ಇಲ್ಲಿ ಒಂದು ಎಚ್ಚರಿಕೆ. ಒಳ್ಳೆಯ ವಾದಕ್ಕೆ ಬೆಂಬಲ ಕೊಡುತ್ತದೆ ಅಂತ ಪ್ರತಿ ಅಧ್ಯಯನವನ್ನೂ ಒಪ್ಪಬಾರದು. ಕಪ್ಪು ನವಜಾತ ಶಿಶುಗಳು ಕಪ್ಪು ಡಾಕ್ಟರ ಕೈಯಲ್ಲಿ ಜಾಸ್ತಿ ಬದುಕುತ್ತವೆ ಎಂದು 2020ರಲ್ಲಿ ಒಂದು ಅಧ್ಯಯನ ಬಂದು ಬಹಳ ಹೆಸರಾಯಿತು. ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರಲ್ಲಿ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ನೋಡಿದರು. ತೀರಾ ಕಡಿಮೆ ತೂಕದ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ಉಳಿಯಲಿಲ್ಲ. ಓಕ್ಲೆಂಡಿನದು ಗಟ್ಟಿ, ಇದು ಗಟ್ಟಿಯಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ತಮ್ಮ ವಾದಕ್ಕೆ ತಾವೇ ಪೆಟ್ಟು ಕೊಡುತ್ತಾರೆ.

ಈ ಜಗಳದಲ್ಲಿ ನಮ್ಮವರೂ ಇದ್ದಾರೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಓದಿದ ಡಾಕ್ಟರುಗಳು ಹೊರಟರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾರೆ. "ನಮ್ಮ ಹುಡುಗನಿಗೆ ಅಷ್ಟು ಅಂಕ ಬಂದರೂ ಸೀಟಿಲ್ಲ, ಅವರಿಗೆ ಕಡಿಮೆ ಬಂದರೂ ಸೀಟು" ಎಂಬ ಮಾತು ಎಷ್ಟೋ ಭಾರತೀಯ ಮನೆಗಳಲ್ಲಿದೆ. ಹೆತ್ತವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ವಿಷಯ ನೆನಪಿಸಬೇಕು. ಆ 1965ರ ಕಾನೂನು ಆಕಾಶದಿಂದ ಬೀಳಲಿಲ್ಲ. ಜನಾಂಗ ನೋಡಿ ಬಾಗಿಲು ಮುಚ್ಚುವುದು ತಪ್ಪು ಎಂದು ಕಪ್ಪು ಜನ ಬೀದಿಯಲ್ಲಿ ಲಾಠಿ ಏಟು ತಿಂದು ಹೋರಾಡಿದ ಕಾಲದಲ್ಲೇ ಅದು ಬಂತು. ಅವರು ತೆರೆಸಿದ ಬಾಗಿಲಿನಿಂದ ನಾವು ಒಳಗೆ ಹೋದೆವು. ಹೋದವರು ಹೆಚ್ಚಿನವರು ಆಗಲೇ ಡಾಕ್ಟರುಗಳು, ಎಂಜಿನಿಯರುಗಳು. ಅವರ ಮಕ್ಕಳಿಗೆ ಮನೆಯಲ್ಲೇ ದಾರಿ ಹೇಳುವವರು ಇದ್ದರು. ಅದು ತಪ್ಪಲ್ಲ. ಆದರೆ ಅದೂ ಒಂದು ಅನುಕೂಲ.

ಮೆಡಿಕಲ್ ಸೀಟಿನ ಜಗಳ ಕೋರ್ಟಿಗೆ ಹೋದದ್ದು ನಮ್ಮಲ್ಲಿ ಅವರಿಗಿಂತ ಮೊದಲು. ಮದರಾಸಿನಲ್ಲಿ 1951ರ ಚಂಪಕಂ ದೊರೈರಾಜನ್ ಪ್ರಕರಣ. ಆಮೇಲೆ ನಮ್ಮದೇ ಮೈಸೂರು ರಾಜ್ಯದ ಬಾಲಾಜಿ ಪ್ರಕರಣ. 1962ರ ಜುಲೈಯಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ 68% ಸೀಟು ಮೀಸಲಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ 50%ಕ್ಕಿಂತ ಕಡಿಮೆ ಇರಬೇಕು ಎಂದಿತು. ಇವತ್ತು ದೇಶವೆಲ್ಲ ಮಾತಾಡುವ ಆ 50%ರ ಮಿತಿ ಮೊದಲು ಬಂದದ್ದು ಮೈಸೂರಿನ ಸೀಟುಗಳ ಮೇಲಿನ ಮೊಕದ್ದಮೆಯಲ್ಲಿ. ಮುಂದೆ 1992ರಲ್ಲಿ ಮಂಡಲ್ ತೀರ್ಪು ಬರೆಯುವಾಗ ನಮ್ಮ ನ್ಯಾಯಮೂರ್ತಿಗಳು ಬಕ್ಕಿ ತೀರ್ಪನ್ನೂ ಓದಿ ಚರ್ಚಿಸಿದರು. ನಮ್ಮ ಸಂವಿಧಾನದಲ್ಲಿ ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಎಂದು ಬರೆದೇ ಇದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ಸಾಲು ಇಲ್ಲ. ಹಾಗಾಗಿ ಅಲ್ಲಿನ ಕಾಲೇಜುಗಳು ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ಹುಡುಕಿದ್ದು ಅದೇ ಡೇವಿಸ್ ಕಾಲೇಜು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ, ಸರ್ಕಾರಿ ಕಾಲೇಜುಗಳ ಪ್ರವೇಶದಲ್ಲಿ ಜನಾಂಗ ನೋಡಬಾರದು ಎಂದು ನಿರ್ಧರಿಸಿದರು. ಬಕ್ಕಿ ತೀರ್ಪು ಬಿಟ್ಟುಕೊಟ್ಟ ಸಣ್ಣ ಜಾಗವೂ ಅಲ್ಲಿ ಮುಚ್ಚಿತು. ಡೇವಿಸ್ಸಿನವರು ಕೈ ಚೆಲ್ಲಿ ಕೂರಲಿಲ್ಲ. ಪ್ರತಿ ಅರ್ಜಿದಾರ ಎಷ್ಟು ಕಷ್ಟದಿಂದ ಬಂದಿದ್ದಾನೆ ಎಂದು 0ಯಿಂದ 99ರವರೆಗೆ ಅಂಕ ಕೊಡುವ ಪದ್ಧತಿ ತಂದರು. ಮನೆಯ ವರಮಾನ ಎಷ್ಟು? ತಂದೆ ತಾಯಿ ಎಷ್ಟು ಓದಿದ್ದಾರೆ? ಡಾಕ್ಟರುಗಳಿಲ್ಲದ ಊರಿನಿಂದ ಬಂದವನೇ? ಓದುವಾಗ ದುಡಿದು ಮನೆಗೆ ಹಣ ಕೊಟ್ಟಿದ್ದಾನೆಯೇ? ಇಂಥ ವಿಷಯಗಳು. ಜೊತೆಗೆ ಪರೀಕ್ಷೆಯ ಅಂಕ, ಸಂದರ್ಶನ ಎಲ್ಲ ಇದ್ದೇ ಇವೆ. ಬಣ್ಣ ಕೇಳುವುದಿಲ್ಲ. ಬಡ ಬಿಳಿಯನಿಗೂ ಇಲ್ಲಿ ಅಂಕ ಸಿಗುತ್ತದೆ, 1973ರಲ್ಲಿ ಸಿಗದೇ ಹೋದದ್ದು. 2022ರಲ್ಲಿ ಸೇರಿದ 133 ಮಂದಿಯಲ್ಲಿ 14% ಕಪ್ಪು ಜನಾಂಗದವರು, 30% ಲ್ಯಾಟಿನ್ ಅಮೆರಿಕ ಮೂಲದವರು. 42% ಮಂದಿ ತಮ್ಮ ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು.

ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರುವುದು ವರಮಾನದಲ್ಲಿ ಮೇಲಿನ ಐದನೇ ಒಂದು ಭಾಗದ ಮನೆಗಳಿಂದ. ಇದು ಗೊತ್ತಿದ್ದರೆ ಡೇವಿಸ್ಸಿನ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಆದರೂ ಇದೊಂದೇ ಸಾಕು ಅಂತ ನಾನು ಹೇಳಲಾರೆ. ಅನುಕೂಲಸ್ಥ ಕಪ್ಪು ಮನೆಯ ಹುಡುಗಿಯನ್ನೂ ಪೊಲೀಸರು ಬಣ್ಣ ನೋಡಿಯೇ ತಡೆಯುತ್ತಾರೆ. ಅವಳ ಅಮ್ಮ ಹೆರಿಗೆ ವಾರ್ಡಿನಲ್ಲಿ ನೋವು ಅಂದರೂ ಕೇಳುವವರಿರುವುದಿಲ್ಲ. 2016ರಲ್ಲಿ ವರ್ಜೀನಿಯಾದಲ್ಲಿ ನಡೆದ ಅಧ್ಯಯನದಲ್ಲಿ ಬಿಳಿಯ ಮೆಡಿಕಲ್ ವಿದ್ಯಾರ್ಥಿಗಳು ಮತ್ತು ಕಿರಿಯ ಡಾಕ್ಟರುಗಳಲ್ಲಿ ಸುಮಾರು ಅರ್ಧ ಮಂದಿ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ಬಡತನ ಅಳೆಯುವ ಅಂಕ ಇದನ್ನು ಅಳೆಯುವುದಿಲ್ಲ.

2023ರ ಜೂನ್ 29ರಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಪದ್ಧತಿಯ ಮೇಲಿನ ಪ್ರಕರಣದ ತೀರ್ಪು ಬಂತು. ಪ್ರವೇಶದಲ್ಲಿ ಜನಾಂಗ ನೋಡುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಲ್ಲಿಸಿತು. ಮರುವರ್ಷ, 2024ರಲ್ಲಿ, ಮೆಡಿಕಲ್ ಕಾಲೇಜು ಸೇರಿದವರಲ್ಲಿ ಕಪ್ಪು ಜನಾಂಗದವರು ಹಿಂದಿನ ವರ್ಷಕ್ಕಿಂತ 11.6% ಕಡಿಮೆಯಾದರು. ಲ್ಯಾಟಿನ್ ಅಮೆರಿಕ ಮೂಲದವರು 10.8% ಕಡಿಮೆ. ಮೂಲನಿವಾಸಿಗಳು 22.1% ಕಡಿಮೆ. ಅದೂ ಒಟ್ಟು ಸೇರಿದವರ ಸಂಖ್ಯೆ ಸ್ವಲ್ಪ ಏರಿದ ವರ್ಷದಲ್ಲಿ.

ಆದರೆ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದೇ ತೀರ್ಪಿನಲ್ಲಿ ಒಂದು ಮಾತು ಸೇರಿಸಿದ್ದಾರೆ. ಜನಾಂಗದಿಂದ ತನ್ನ ಬದುಕಿಗೆ ಏನಾಯಿತು ಎಂದು ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಬರೆಯಬಹುದು, ಅದರಿಂದ ಕಾಣುವ ಧೈರ್ಯ, ಛಲವನ್ನು ಕಾಲೇಜು ಪರಿಗಣಿಸಬಹುದು. ಈಗ ಪ್ರತಿ ಬೇಸಿಗೆಯಲ್ಲೂ ಸಾವಿರಾರು ಹುಡುಗ ಹುಡುಗಿಯರು ಆ ಪ್ರಬಂಧ ಬರೆಯುತ್ತಿದ್ದಾರೆ. ಅದನ್ನು ಓದುವ ಸಮಿತಿಗಳಲ್ಲಿ ಭಾರತದಿಂದ ಹೋದ ಡಾಕ್ಟರುಗಳೂ ಕೂತಿದ್ದಾರೆ. ಅವರಲ್ಲಿ ಯಾರಾದರೂ ಕನ್ನಡ ಬಲ್ಲವರು ಇದನ್ನು ಕೇಳುತ್ತಿದ್ದರೆ, ಅಂಥ ಒಂದು ಪ್ರಬಂಧ ಕೈಗೆ ಬಂದಾಗ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.