ಹೊಸ ಕಾರು ಕೈಕೊಟ್ಟರೆ

ಕೇಳುಗರಿಗೆ ನಮಸ್ಕಾರ. ಸಾಲ ಮಾಡಿ ಹೊಸ ಕಾರು ತಂದಿರುತ್ತೀರಿ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆಯೂ ಆಗಿರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಗೇರ್ ಸರಿಯಾಗಿ ಬೀಳುವುದಿಲ್ಲ, ಇಂಜಿನ್ ದೀಪ ಆರುವುದಿಲ್ಲ. ಶೋರೂಮಿಗೆ ಹೋದರೆ, "ಹೊಸ ಗಾಡಿ ಅಲ್ವಾ ಸಾರ್, ಓಡ್ತಾ ಓಡ್ತಾ ಸರಿಹೋಗುತ್ತೆ" ಎನ್ನುತ್ತಾರೆ. ಆ ಮಾತು ನಂಬಿ ಬರಿಗೈಯಲ್ಲಿ ವಾಪಸ್ ಬರಬೇಡಿ. ಜಾಬ್ ಕಾರ್ಡ್, ಅಂದರೆ ಗಾಡಿಯ ತೊಂದರೆ ಬರೆದುಕೊಳ್ಳುವ ಸರ್ವಿಸ್ ಚೀಟಿ, ಬರೆಸಿಕೊಂಡೇ ಬನ್ನಿ.

ಅದರಲ್ಲೂ ಒಂದು ಕಿತಾಪತಿ ಇದೆ. ನೀವು "ಮೂರನೇ ಗೇರಿನಲ್ಲಿ ಗಾಡಿ ಜಗ್ಗುತ್ತದೆ" ಅಂತ ಹೇಳಿದರೆ ಅವರು "ಜನರಲ್ ಚೆಕಪ್" ಅಂತ ಬರೆದು ಮುಗಿಸುತ್ತಾರೆ. ಒಪ್ಪಬೇಡಿ. ನಿಮ್ಮ ಮಾತನ್ನೇ ಬರೆಸಿ, ದಿನಾಂಕ, ಕಿಲೋಮೀಟರ್ ಎರಡೂ ಇವೆಯಾ ನೋಡಿ. ಒಂದೇ ದೋಷಕ್ಕೆ ಮತ್ತೆ ಮತ್ತೆ ಗ್ಯಾರೇಜಿಗೆ ಹೋಗಿದ್ದೀರಿ ಅನ್ನುವುದನ್ನು ಮುಂದೆ ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗದಲ್ಲಿ ತೋರಿಸಬೇಕಾದಾಗ, ಮ್ಯಾನೇಜರ್ ಜೊತೆ ಎಷ್ಟು ಜಗಳ ಆಡಿದ್ದಿರಿ ಎಂದು ಯಾರೂ ಕೇಳುವುದಿಲ್ಲ, ಈ ಕಾಗದಗಳನ್ನೇ ಕೇಳುತ್ತಾರೆ.

ಇನ್ನು ಪರಿಹಾರ. ಎಲ್ಲರೂ ಮೊದಲು ಕೇಳುವುದು "ಬೇರೆ ಕಾರು ಕೊಡಿ" ಅಂತ. ಅದು ಸುಲಭವಲ್ಲ. ಮಾರುತಿ ಕಂಪನಿಯ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸುತ್ತೇವೆ ಅಂತ ಇದ್ದರೆ ಇಡೀ ಕಾರು ಕೇಳಲು ಬರುವುದಿಲ್ಲ ಎಂದಿತು. ಕಾರು ಬದಲಿ ಬೇಕಿದ್ದರೆ ದೋಷ ತಯಾರಿಕೆಯಲ್ಲೇ ಇದೆ, ರಿಪೇರಿಗೆ ಬಗ್ಗುವುದಿಲ್ಲ ಅಂತ ತೋರಿಸಬೇಕು. ಅದಕ್ಕೆ ಸಾಮಾನ್ಯವಾಗಿ ತಜ್ಞರ ವರದಿ ಬೇಕಾಗುತ್ತದೆ, ಪರೀಕ್ಷೆಗೆ ಕಳಿಸಿ ಎಂದು ಆಯೋಗವನ್ನೇ ಕೇಳಬಹುದು. ಹಾಗಂತ ಎಲ್ಲ ಕೇಸಿನಲ್ಲೂ ಬೇಕು ಅಂತೇನಿಲ್ಲ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ, 2022ರಲ್ಲಿ ಅದೇ ಸುಪ್ರೀಂ ಕೋರ್ಟ್, ಡಿಕ್ಕಿಯ ವೇಗ, ಬಲ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಬೇಕಿಲ್ಲ ಎಂಬರ್ಥದ ಮಾತು ಹೇಳಿ ಗ್ರಾಹಕನ ಪರ ನಿಂತಿತು. ನನಗಂತೂ ಈ ಮಾತು ಬಹಳ ಹಿಡಿಸಿತು. ಕಾರು ಬದಲಿ ಸಿಗದಿದ್ದರೆ ಎನ್ನುವುದನ್ನೂ ಯೋಚಿಸಿ, ಉಚಿತ ರಿಪೇರಿ, ಓಡಾಟದ ಖರ್ಚು, ಮಾನಸಿಕ ಹಿಂಸೆಗೆ ಪರಿಹಾರ ಎಲ್ಲವನ್ನೂ ದೂರಿನಲ್ಲೇ ಸೇರಿಸಿ.

ಯಾರ ಮೇಲೆ ದೂರು? ಡೀಲರು, ಕಂಪನಿ, ಇಬ್ಬರ ಮೇಲೂ. ಡೀಲರು ಕಂಪನಿ ಕಡೆ, ಕಂಪನಿ ಡೀಲರ್ ಕಡೆ ಬೆರಳು ತೋರಿಸುವ ಆಟ ಹಳೆಯದು. ಗೋವಾದಲ್ಲಿ 2009ರ ಮಾಡೆಲ್ ಕಾರನ್ನು ಡೀಲರು 2011ರದ್ದು ಎಂದು ಮಾರಿದ್ದ. ಅದರಲ್ಲಿ ಕಂಪನಿಗೆ ಗೊತ್ತಿತ್ತು ಎನ್ನಲು ಪುರಾವೆ ಇರಲಿಲ್ಲ, ಹಾಗಾಗಿ 2021ರಲ್ಲಿ ಟಾಟಾ ಮೋಟಾರ್ಸ್ ಹೊಣೆಯಿಂದ ಪಾರಾಯಿತು. ಡೀಲರ್ ತಲೆಯ ಮೇಲಿನ ಹೊರೆ ಮಾತ್ರ ಇಳಿಯಲಿಲ್ಲ.

ಕಾರು ಮಂಗಳೂರಿನಲ್ಲಿ ಕೊಂಡು ಶಿವಮೊಗ್ಗದಲ್ಲಿ ವಾಸವಿದ್ದರೆ ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಅನುಕೂಲ ಇದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲೇ ಕೇಸು ನಡೆಯುತ್ತದೆ. 12 ಲಕ್ಷದ ಕಾರಿಗೆ ಶುಲ್ಕ ಬರೀ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಸಮಸ್ಯೆ ಶುರುವಾಗಿ 2 ವರ್ಷದೊಳಗೆ ಹೋಗಬೇಕು. ಪರೀಕ್ಷೆ ಬೇಕಾದ ಕೇಸು 5 ತಿಂಗಳಲ್ಲಿ ಮುಗಿಯಬೇಕು ಎನ್ನುತ್ತದೆ ಕಾಯ್ದೆ. ಅದು ಕಾಯ್ದೆಯ ಮಾತು, ನೀವು ಜಾಸ್ತಿ ತಾಳ್ಮೆ ಇಟ್ಟುಕೊಳ್ಳಿ. ಕೇಸಿಗೆ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇನ್ನೊಂದು ವಿಷಯ. ರಿಪೇರಿ ಮುಗಿದ ಕೂಡಲೇ "ತೃಪ್ತಿಯಾಗಿದೆ" ಎಂಬ ಕಾಗದ ಮುಂದಿಡುತ್ತಾರೆ. ಗಾಡಿ ಓಡಿಸಿ ನೋಡದೆ ಅದಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ "ಇನ್ನೂ ಪರೀಕ್ಷಿಸಬೇಕಿದೆ" ಅಂತ ಪಕ್ಕದಲ್ಲೇ ಬರೆದು, ಅದರ ಒಂದು ಫೋಟೋ ತೆಗೆದುಕೊಂಡು ಬನ್ನಿ.