ಕತ್ತರಿ ಹಾಕಿದರೂ ಬಿಚ್ಚಿಕೊಳ್ಳದ ಸ್ವೆಟರ್

[ಕ್ಲೋಸಪ್: ಕಡುನೀಲಿ ಸ್ವೆಟರ್, ಮೈತುಂಬ ಬಿಳಿ ನಕ್ಷತ್ರ. ಎದೆಯ ನಟ್ಟನಡುವೆ ಕತ್ತರಿ. ಕಚಕ್!]

ಗಾಬರಿ ಬೇಡ, ಬೇಕಂತಲೇ ಕತ್ತರಿಸಿದ್ದು. ವಾರಗಟ್ಟಲೆ ಕೂತು ಹೆಣೆದದ್ದನ್ನ ಹೀಗೆ ಸೀಳಿದರೂ ಸ್ವೆಟರ್ ಬಿಚ್ಚಿಹೋಗಿಲ್ಲ ನೋಡಿ. ನಾರ್ವೆಯಲ್ಲಿ, ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳಲ್ಲಿ ಚಿತ್ತಾರದ ಸ್ವೆಟರ್ ಹೆಣೆಯೋ ಕ್ರಮವೇ ಇದು. ಯಾಕೆ ಕತ್ತರಿಸ್ತಾರೆ? ಕತ್ತರಿಸಿದರೂ ಯಾಕೆ ಬಿಚ್ಚಿಕೊಳ್ಳಲ್ಲ?

ಕಡ್ಡಿ ಹಿಡಿಯೋದು, ಸೀದಾ, ಉಲ್ಟಾ, ಇಷ್ಟು ನಿಮಗೆ ಬರುತ್ತೆ ಅಂತಲೇ ಮುಂದೆ ಹೋಗ್ತೀನಿ.

ಮೊದಲು ಈ ನಕ್ಷತ್ರ. ಎಂಟು ಎಸಳು. ನಾರ್ವೆಯವರು ಇದನ್ನ ಸೆಲ್ಬು ಗುಲಾಬಿ ಅಂತಾರೆ. ಟ್ರೋಂಡ್‌ಹೈಮ್ ಹತ್ತಿರದ ಸೆಲ್ಬು ಅನ್ನೋ ಊರಲ್ಲಿ 1857ರಲ್ಲಿ ಮಾರಿಟ್ ಎಮ್‌ಸ್ಟಾಡ್ ಅನ್ನೋ ಹುಡುಗಿ ಇದನ್ನ ಕೈಗವಸಿನ ಮೇಲೆ ಕಪ್ಪು ಬಿಳುಪಲ್ಲಿ ಹೆಣೆದಳು, ಅಲ್ಲಿಂದ ಊರೆಲ್ಲ ಹಬ್ಬಿತು ಅಂತ ಅಲ್ಲಿನವರು ಹೇಳ್ತಾರೆ. ಈಗ ಆ ಊರಿನ ಲಾಂಛನದಲ್ಲೇ ಮೂರು ಗುಲಾಬಿ ಇವೆ. ದಕ್ಷಿಣದ ಸೇಟೆಸ್‌ಡಾಲ್ ಕಣಿವೆಯ ಸ್ವೆಟರಿನ ಹೆಸರು ಇನ್ನೂ ಮಜಾ: ಲೂಸೆಕೊಫ್ಟೆ. ಕಪ್ಪು ನೆಲದ ಮೇಲೆ ಒಂಟಿ ಒಂಟಿ ಬಿಳಿ ಚುಕ್ಕಿ. ಲೂಸ್ ಅಂದ್ರೆ ಹೇನು, ಕೊಫ್ಟೆ ಅಂದ್ರೆ ಕೋಟು. ಹೇನಿನ ಕೋಟು! ನಮ್ಮ ಕಡೆ ಆ ಹೆಸರಲ್ಲಿ ಒಂದು ಸ್ವೆಟರೂ ಮಾರಾಟ ಆಗ್ತಿರಲಿಲ್ಲ.

ಸರಿ, ಕತ್ತರಿ ಯಾಕೆ ಅಂತ ಕೇಳಿದ್ನಲ್ಲ. ಎರಡು ಬಣ್ಣದ ಚಿತ್ತಾರದಲ್ಲಿ ಪ್ರತಿ ಸಾಲಿಗೂ ಎರಡು ನೂಲು ಜೊತೆಗೆ ಓಡುತ್ತೆ. ಒಂದು ಕುಣಿಕೆಯಾಗಿ ಮುಂದೆ ಕಾಣುತ್ತೆ, ಇನ್ನೊಂದು ಬೆನ್ನ ಹಿಂದೆ ಹಾದುಹೋಗುತ್ತೆ. ಚಪ್ಪಟೆಯಾಗಿ ಹೆಣೆದರೆ ಸಾಲು ಬಿಟ್ಟು ಸಾಲು ಉಲ್ಟಾ ಹಾಕಬೇಕು. ಆಗ ಚಿತ್ತಾರ ಆ ಕಡೆ ಇರುತ್ತೆ, ನೂಲಿನ ಗೋಜಲು ನಿಮ್ಮ ಕಡೆ. ಅದೂ ಅಲ್ಲದೆ ಬಹಳ ಜನರ ಕೈಯಲ್ಲಿ ಉಲ್ಟಾ ಸಾಲು ಸ್ವಲ್ಪ ಸಡಿಲ ಬರುತ್ತೆ, ನಕ್ಷತ್ರದ ಮೈಮೇಲೆ ಪಟ್ಟೆ ಕಾಣುತ್ತೆ. ಆದ್ದರಿಂದ ಸುತ್ತು ಕಡ್ಡಿಯಲ್ಲಿ ಕೊಳವೆ ಥರ, ಬರೀ ಸೀದಾ ಹೆಣೀತಾರೆ. ಬಟನ್ ಪಟ್ಟಿ, ತೋಳಿನ ಕಂಡಿ ಎಲ್ಲ ಆಮೇಲೆ ಕತ್ತರಿಯಿಂದ. ಕತ್ತರಿಸೋದಕ್ಕೆ ಅಂತಲೇ ಸೇರಿಸೋ ಕುಣಿಕೆಗಳ ಪಟ್ಟಿಗೆ ಸ್ಟೀಕ್ ಅಂತ ಹೆಸರು.

[ಟೇಬಲ್ ಮೇಲೆ ಅಕ್ಕಿ ಚೀಲ]

ಈಗ ನನ್ನ ಇಷ್ಟದ ಭಾಗ. ಅಕ್ಕಿ ಚೀಲದ ಬಾಯಿಗೆ ಹಾಕಿರೋ ದಾರ ನೋಡಿ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬರುತ್ತೆ. ಇನ್ನೊಂದು ತುದಿಯಿಂದ ಎಳೀರಿ, ಜಪ್ಪಯ್ಯ ಅಂದ್ರೂ ಬರಲ್ಲ. ಕೊನೆಗೆ ಚಾಕು ತರ್ತೀರಿ. ಯಾಕಂದ್ರೆ ಅದು ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ. ಕೊನೇ ಕುಣಿಕೆ ಬಿಟ್ಟರೆ ಅದರ ಹಿಂದಿನದು, ಅದು ಬಿಟ್ಟರೆ ಅದರ ಹಿಂದಿನದು, ಹೀಗೆ ಒಂದೇ ದಿಕ್ಕಲ್ಲಿ ಬಿಚ್ಚಿಕೊಳ್ಳುತ್ತೆ.

ಸ್ವೆಟರ್ ಅಂದ್ರೆ ಇಂಥ ನೂರಾರು ಸರಪಳಿ ಪಕ್ಕಪಕ್ಕ ನಿಂತ ಹಾಗೆ. ಕೆಳಗಿನ ಕುಣಿಕೆಯನ್ನ ಮೇಲಿನದು ಹಿಡಿದಿಟ್ಟಿರುತ್ತೆ. ಅಡ್ಡಡ್ಡ ಕತ್ತರಿಸಿದರೆ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಬಾಯಿ ಬಿಡ್ತವೆ, ಒಂದೊಂದು ಸರಪಳಿಯೂ ಕೆಳಗಿನತನಕ ಜಾರುತ್ತೆ. ಕಾಲುಚೀಲದಲ್ಲಿ ಒಂದು ಎಳೆ ಹೋದಾಗ ಏಣಿ ಬೀಳುತ್ತಲ್ಲ, ಅದೇ. ಆದರೆ ಉದ್ದುದ್ದ ಕತ್ತರಿಸಿದರೆ? ಪ್ರತಿ ಸಾಲಿಗೂ ಒಂದೊಂದು ತುಂಡು ತುದಿ ಹೊರಗೆ ಬರುತ್ತೆ, ಅಷ್ಟೇ. ಆ ತುದಿ ಬಿಚ್ಚಿಕೊಳ್ಳಬೇಕಾದ್ರೆ ಪಕ್ಕದ ಕುಣಿಕೆಗಳ ಮೇಲೆ ಕೆಳಗೆ ನುಸುಳಿ ಬರಬೇಕು. ಒಂದು ಸಾಲು ಬಂದರೂ ಇನ್ನೊಂದನ್ನ ಎಳೆದುಕೊಂಡು ಬರಲ್ಲ. ಜೊತೆಗೆ ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಸಣ್ಣ ಪೊರೆ ಇರುತ್ತೆ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತೆ.

ಇಲ್ಲೇ ನಮ್ಮವರು ಎಡವೋದು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡೋದು ಹೆಚ್ಚಾಗಿ ಅಕ್ರಿಲಿಕ್. ಅದಕ್ಕೆ ಪೊರೆ ಇಲ್ಲ, ನುಣುಪು, ಜಾರುತ್ತೆ. ಲೇಬಲ್ ಇಲ್ಲದಿದ್ದರೆ ಒಂದು ತುಂಡಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಸೂಪರ್‌ವಾಶ್, ಅಂದ್ರೆ ಮಿಷನ್ನಲ್ಲಿ ಒಗೆಯಬಹುದು ಅಂತ ಬರೆದಿರೋ ಉಣ್ಣೆಯಲ್ಲೂ ಪೊರೆಯ ಹಿಡಿತ ತೆಗೆದಿರ್ತಾರೆ. ಇವೆರಡಕ್ಕೂ ಹೊಲಿಗೆ ಮಿಷನ್ ಇಲ್ಲದೆ ಕತ್ತರಿ ಹಾಕಲೇಬೇಡಿ.

[ಪರದೆ ಮೇಲೆ ಚೌಕುಳಿ ಹಾಳೆ]

ಲೆಕ್ಕಕ್ಕೆ ಬರೋಣ. ಮೂರೂವರೆ ಮಿಲಿಮೀಟರ್ ಕಡ್ಡಿ, ತೆಳು ಉಣ್ಣೆ. ಮೊದಲು ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ ಅಳೀರಿ. 10 ಸೆಂಟಿಮೀಟರಿಗೆ ಅಡ್ಡ 24 ಕುಣಿಕೆ, ಉದ್ದ 28 ಸಾಲು ಬಂತು ಅನ್ನಿ. ಈ ತುಂಡನ್ನೂ ಎರಡು ಬಣ್ಣದಲ್ಲಿ ಸುತ್ತುಸುತ್ತಾಗಿಯೇ ಹೆಣೀಬೇಕು. ಒಂದೇ ಬಣ್ಣದ್ದು ಸಡಿಲ ಬರುತ್ತೆ, ಆ ಅಳತೆ ನಂಬಿದರೆ ಸ್ವೆಟರ್ ಬಿಗಿ.

24 ಮತ್ತು 28. ಅಂದ್ರೆ ಕುಣಿಕೆ ಚೌಕ ಅಲ್ಲ, ಅಗಲ 7 ಇದ್ದರೆ ಎತ್ತರ 6. ರಂಗೋಲಿ ಚುಕ್ಕಿ ಲೆಕ್ಕದ ಹಾಗೆ ಅಡ್ಡ 23 ಮನೆ, ಉದ್ದ 23 ಮನೆ ಅಂತ ನಕ್ಷತ್ರ ಬರೆದರೆ ಸ್ವೆಟರಿನಲ್ಲಿ ಅದು ಕುಳ್ಳಗೆ ಕೂತಿರುತ್ತೆ: ಅಗಲ 9.6 ಸೆಂಟಿಮೀಟರ್, ಎತ್ತರ 8.2. ಸರಿಹೋಗಬೇಕಾದ್ರೆ 27 ಸಾಲು ಬೇಕು. ಸ್ಪ್ರೆಡ್‌ಶೀಟಿನಲ್ಲಿ ಮನೆಗಳನ್ನ 7ಕ್ಕೆ 6ರ ಅಳತೆಗೆ ಇಟ್ಟು ಬರೆದರೆ ಕಡ್ಡಿ ಹಿಡಿಯೋ ಮೊದಲೇ ಗೊತ್ತಾಗುತ್ತೆ.

ನಕ್ಷತ್ರ 23, ನಡುವೆ ಖಾಲಿ 1, ಒಟ್ಟು 24. ಇಂಥ 10 ನಕ್ಷತ್ರಕ್ಕೆ 240 ಕುಣಿಕೆ, ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್. ಎರಡೂ ಅಂಚಿಗೆ ಖಾಲಿ ಕುಣಿಕೆ ಸಿಗಲಿ ಅಂತ ಇನ್ನೊಂದು, ಸ್ಟೀಕಿಗೆ 7. ಒಟ್ಟು 248. ಆ 7ರಲ್ಲಿ ಒಂದು ನೀಲಿ ಒಂದು ಬಿಳಿ ಹಾಕ್ತಾ ಹೋಗಿ, ಎರಡೂ ನೂಲು ಸಿಕ್ಕಿಕೊಂಡಿರುತ್ತೆ. ಹೊಸ ಉಂಡೆ ಸೇರಿಸೋದೂ ಅಲ್ಲೇ. ಕೊನೆಗೆ ತುದಿಗಳನ್ನ ಸೂಜಿಯಲ್ಲಿ ಅಡಗಿಸೋ ಕಾಟ ಇರಲ್ಲ.

ಹೆಣೀವಾಗ ಮೂರು ತಪ್ಪು. ಹಿಂದೆ ಓಡೋ ನೂಲು ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತೆ. ಬಣ್ಣ ಬದಲಿಸೋ ಮೊದಲು ಬಲಗಡ್ಡಿಯ ಕುಣಿಕೆಗಳನ್ನ ಹರಡಿಕೊಳ್ಳಿ. ಒಂದೇ ಬಣ್ಣ 5 ಕುಣಿಕೆ ದಾಟಿದರೆ ಹಿಂದಿನ ನೂಲನ್ನ ನಡುವೆ ಒಮ್ಮೆ ಸಿಕ್ಕಿಸಿ, ಇಲ್ಲದಿದ್ದರೆ ತೋಳು ಹಾಕುವಾಗ ಬೆರಳು ಸಿಕ್ಕಿಕೊಳ್ಳುತ್ತೆ. ಮೂರನೇದು ಕಣ್ಣಿಗೆ ಬೀಳದ ಕಳ್ಳ: ಹಿಂಬದಿಯಲ್ಲಿ ಕೆಳಗಿನಿಂದ ಬರೋ ನೂಲಿನ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗುತ್ತೆ, ಆ ಬಣ್ಣ ಎದ್ದು ಕಾಣುತ್ತೆ. ನಕ್ಷತ್ರದ ಬಣ್ಣ ಯಾವಾಗಲೂ ಕೆಳಗಿಂದಲೇ ಬರಲಿ. ಊಟಕ್ಕೆ ಎದ್ದು ಬಂದು ಅದಲುಬದಲು ಹಿಡಿದ್ರೋ, ಅಲ್ಲಿಂದ ಮೇಲಿನ ನಕ್ಷತ್ರ ಮಂಕು.

[ಮತ್ತೆ ಕತ್ತರಿ]

ಕತ್ತರಿಸೋ ಮೊದಲು ಒಗೆದು ಒಣಗಿಸಿ. ಸ್ಟೀಕಿನ 7 ಕುಣಿಕೆ ಸಾಲಿನ ಮೇಲೆ ಸಾಲು ಬೆಳೆದು 7 ಕಂಬ ಆಗಿರುತ್ತಲ್ಲ, ಅದರ 3ನೇ ಮತ್ತು 5ನೇ ಕಂಬದ ಮೇಲೆ ಮಿಷನ್ನಲ್ಲಿ ಸಣ್ಣ ಹೊಲಿಗೆ, ಎರಡೆರಡು ಸಲ. ಬಟ್ಟೆಯನ್ನ ಎಳೆದು ಹೊಲಿದರೆ ಅಂಚು ಅಲೆಅಲೆ ಆಗುತ್ತೆ. ಕೊಳವೆಯೊಳಗೆ ಒಂದು ರಟ್ಟು ತೂರಿಸಿ. ಇದನ್ನ ಮರೆತರೆ ಎದೆಯ ಜೊತೆ ಬೆನ್ನೂ ಸೀಳುತ್ತೆ, ಅದಕ್ಕೆ ಯಾವ ಸ್ಟೀಕೂ ಇಲ್ಲ. ಹಗಲು ಬೆಳಕಲ್ಲಿ, ಹರಿತವಾದ ಕತ್ತರಿಯಿಂದ, 4ನೇ ಕಂಬದ ನಡುವೆ ಮೇಲಿನವರೆಗೆ.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ. ತೋಳಿನ ಕಂಡಿಗೂ ಇದೇ ಕೆಲಸ. ಬಟನ್ ಪಟ್ಟಿಗೆ ಅಂಚಿನ 7 ಸಾಲಿಗೆ 6 ಕುಣಿಕೆ ಎತ್ತಿಕೊಳ್ಳಿ, ಅದೇ 7ಕ್ಕೆ 6. ಕತ್ತರಿಸಿದ ಅಂಚನ್ನ ಒಳಗೆ ಮಡಚಿ ಕೈಹೊಲಿಗೆ. ಒಗೆಯುವಾಗ ಹಿಂಡಬೇಡಿ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ಸ್ವೆಟರ್ ಮೊಣಕಾಲಿಗೆ ಬರುತ್ತೆ.

ಕಸೂತಿಯ ಚಿತ್ತಾರ ಹೆಣೀಬಹುದಾ ಅಂತ ಕೇಳೋರಿಗೆ: ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಬರೀ ಗೆರೆಯ ಕೆಲಸ. ಹೆಣಿಗೆಯಲ್ಲಿ ಗೆರೆ ಬರಲ್ಲ, ಮನೆ ತುಂಬಬೇಕು. ಮೆಂತಿ, ಅಂದ್ರೆ ಗುಣಾಕಾರದ ಗುರುತಿನ ಹಾಗೆ ಹಾಕೋ ಹೊಲಿಗೆಯ ಚಿತ್ತಾರ ಮಾತ್ರ ಸುಲಭಕ್ಕೆ ಕೂರುತ್ತೆ. ಆದರೆ ಸಾಲುಗಳನ್ನ ಆರು ಇದ್ದಲ್ಲಿ ಏಳು ಅನ್ನೋ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಿ, ಇಲ್ಲದಿದ್ದರೆ ಗೋಪುರ ಹೋಗಿ ಮಂಟಪ ಆಗುತ್ತೆ.